ಸೊಪ್ಪಿನ ನೀರು, ಸೂಲಗಿತ್ತಿಯ ಕೈ

ನಿಡುಗಲ್ಲಿನ ದುರ್ಗದ ನೆತ್ತಿಯಿಂದ ಕೆಳಗೆ ನೋಡಿದವರ ಕಣ್ಣಿಗೆ ಬೀಳುವುದು ಬಂಡೆ, ಬಯಲು, ನಡುನಡುವೆ ಹುಣಸೆಯ ಮರಗಳು. ಒಂದು ಕಾಲಕ್ಕೆ ನಿಡುಗಲ್ಲಿನ ಚೋಳರು ಆಳಿದ ಸೀಮೆಯಿದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂದು ಇಂದು ಹಂಚಿಹೋಗಿರುವ ಈ ನೆಲದಲ್ಲಿ ಮಳೆರಾಯನ ಕೈ ಎಂದೂ ಧಾರಾಳವಲ್ಲ. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದು ಭೂಪಟದಲ್ಲಿ ದ್ವೀಪದಂತೆ ಕಾಣುತ್ತದೆ. ಈಗ ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಯಲ್ಲಿ ಬಿಸಿಲನ್ನು ವಿದ್ಯುತ್ತಾಗಿಸುವ ಹಲಗೆಗಳು ಸಾಲುಗಟ್ಟಿ ನಿಂತಿವೆ. ಆದರೆ ಎರಡು ತಲೆಮಾರಿನ ಹಿಂದೆ, ಇಲ್ಲಿಯ ಹಳ್ಳಿಯೊಂದರಲ್ಲಿ ನಡುರಾತ್ರಿ ಹೆಣ್ಣೊಬ್ಬಳಿಗೆ ನೋವು ಕಾಣಿಸಿಕೊಂಡರೆ, ಲಾಂದ್ರ ಹಿಡಿದ ಗಂಡಸು ಓಡುತ್ತಿದ್ದುದು ಆಸ್ಪತ್ರೆಯ ಕಡೆಗಲ್ಲ. ಆಸ್ಪತ್ರೆ ದೂರ, ಗಾಡಿ ಕಟ್ಟಿಕೊಂಡು ಹೊರಟರೆ ಮಗು ದಾರಿಯಲ್ಲಿಯೇ ಹುಟ್ಟಬೇಕು. ಅವನು ಹೋಗಿ ಬಾಗಿಲು ತಟ್ಟುತ್ತಿದ್ದುದು ಸೂಲಗಿತ್ತಿಯ ಮನೆಯದು.

ಆ ಸೂಲಗಿತ್ತಿಯರಲ್ಲಿ ಒಬ್ಬರ ಹೆಸರು ನಾಡಿಗೆಲ್ಲ ತಿಳಿಯಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಹುಟ್ಟಿದ್ದು ೧೯೨೦ರಲ್ಲಿ. ಹನ್ನೆರಡನೆಯ ವಯಸ್ಸಿಗೆ ಮದುವೆ. ಅಕ್ಷರಾಭ್ಯಾಸವಿಲ್ಲ. ಹೆತ್ತದ್ದು ಹನ್ನೆರಡು ಮಕ್ಕಳನ್ನು. ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನಿಂದ. ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದವಳು ಆ ಅಜ್ಜಿಯೇ. ೧೯೪೦ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಂಧುವೊಬ್ಬಳ ಹೆರಿಗೆಯಲ್ಲಿ ಮೊದಲು ಕೈಯಿಟ್ಟ ಈಕೆ ಮುಂದೆ ಎಪ್ಪತ್ತು ವರ್ಷಗಳ ಕಾಲ ಆ ಕೆಲಸವನ್ನು ಬಿಡಲಿಲ್ಲ. ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳು. ಒಂದಕ್ಕೂ ಹಣ ಕೇಳಿದವರಲ್ಲ. ತುಮಕೂರು ವಿಶ್ವವಿದ್ಯಾನಿಲಯ ೨೦೧೪ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರ ೨೦೧೮ರಲ್ಲಿ ಪದ್ಮಶ್ರೀಯನ್ನೂ ಕೊಟ್ಟು ಗೌರವಿಸಿದವು.

ನರಸಮ್ಮನವರ ವಿದ್ಯೆಗೆ ಅಜ್ಜಿಯ ಮನೆಯಲ್ಲದೆ ಇನ್ನೊಂದು ಮೂಲವೂ ಇದ್ದಿತು. ಊರಿಗೆ ವರ್ಷವರ್ಷವೂ ಬಂದು ಬೀಡು ಬಿಡುತ್ತಿದ್ದ ಅಲೆಮಾರಿ ಜನರಿಂದ ಗರ್ಭಿಣಿಯರಿಗೆ ಬೇಕಾದ ಗಿಡಮೂಲಿಕೆಯ ಔಷಧಗಳನ್ನು ಅವರು ಕಲಿತರು. ಇದನ್ನು ಕೇಳಿದಾಗ ನಾಗರಿಕರಾದ ನಮ್ಮ ಕುತೂಹಲವೆಲ್ಲ ಒಮ್ಮೆಲೇ ಗಿಡದ ಹೆಸರಿನ ಕಡೆಗೆ ಓಡುತ್ತದೆ. ಯಾವ ಸೊಪ್ಪು? ಯಾವ ಬೇರು? ಎಷ್ಟು ಸಲ? ಅಂಗಡಿಯಲ್ಲಿ ಸಿಕ್ಕೀತೇ? ಸೊಪ್ಪನ್ನು ಕುದಿಸಿದ ಕೈಯ ವಿಚಾರವನ್ನು ಕೇಳುವವರು ಕಡಮೆ.

ಸೂಲಗಿತ್ತಿ ಎಂಬ ಮಾತನ್ನೇ ನೋಡಬಹುದು. ಸೂಲು ಎಂದರೆ ಹೆರಿಗೆ. ಮದುವಣಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ಕಾಣುವ ‘ಗಿತ್ತಿ’ಯೇ ಇಲ್ಲಿಯೂ ಇರುವುದು. ಗಡಿಯ ಆಚೆಯ ತೆಲುಗಿನಲ್ಲಿ ಆಕೆ ‘ಮಂತ್ರಸಾನಿ’. ಕನ್ನಡ ಅವಳ ಕಸುಬನ್ನು ಹೇಳಿತು. ತೆಲುಗು ಅವಳಲ್ಲಿ ಮಂತ್ರವನ್ನು ಕಂಡಿತು. ನಮ್ಮ ಬಾಣಂತಿ ಅಲ್ಲಿ ‘ಬಾಲಿಂತ’. ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಆಡುವ ಪಾವಗಡದಲ್ಲಿ ಈ ಹೆಸರುಗಳು ಮನೆಯಿಂದ ಮನೆಗೆ ಬದಲಾದರೂ ಬಚ್ಚಲ ಮನೆಯ ಹಂಡೆ ಒಂದೇ.

ಹಂಡೆಯಿಂದಲೇ ವಿಷಯವನ್ನು ಆರಂಭಿಸುವುದು ಲೇಸು. ಹಳೆಯ ಮೈಸೂರು ಸೀಮೆಯ ಬಾಣಂತನದಲ್ಲಿ ಔಷಧಕ್ಕಿಂತ ಮೊದಲು ಬರುವುದು ನೀರು. ನಸುಕಿನಲ್ಲಿಯೇ ಒಲೆಯುರಿ ಹಚ್ಚಿ, ಹಂಡೆಯ ನೀರಿಗೆ ಬೇವಿನ ಸೊಪ್ಪು, ಹುಣಸೆಯ ಸೊಪ್ಪು, ಲಕ್ಕಿಯ ಸೊಪ್ಪು, ಇವುಗಳಲ್ಲಿ ಸಿಕ್ಕಿದ್ದನ್ನು ಹಾಕಿ ಬಣ್ಣ ಬಿಡುವವರೆಗೆ ಕುದಿಸುತ್ತಾರೆ. ಬಾಣಂತಿಯ ನೆತ್ತಿಗೆ, ಬೆನ್ನಿಗೆ, ಸೊಂಟಕ್ಕೆ ಬೆಚ್ಚನೆಯ ಹರಳೆಣ್ಣೆಯನ್ನು ತಿಕ್ಕುತ್ತಾರೆ. ಮಣೆಯ ಮೇಲೆ ಕೂಡಿಸಿ ಒಬ್ಬಳು ನೀರೆರೆದರೆ ಇನ್ನೊಬ್ಬಳು ಸೊಂಟವನ್ನು ಒತ್ತಿಹಿಡಿಯುತ್ತಾಳೆ. “ಇನ್ನೊಂದು ಚೊಂಬು, ತಡಕೊಳ್ಳವ್ವಾ” ಎನ್ನುವುದೂ, “ಅಮ್ಮಾ, ಸುಡ್ತದೆ” ಎನ್ನುವುದೂ ಕೇಳಿಸದ ಬಾಣಂತಿ ಮನೆಯುಂಟೇ! ಸ್ನಾನವಾದ ಮೇಲೆ ಹಳೆಯ ಮೆತ್ತನೆಯ ಸೀರೆಯಿಂದ ಹೊಟ್ಟೆ ಕಟ್ಟಿ, ಸಾಂಬ್ರಾಣಿಯ ಹೊಗೆ ಕೊಟ್ಟು, ಮಂಚದ ಮೇಲೆ ಮಲಗಿಸಿ ಕಂಬಳಿ ಹೊದಿಸಿದರೆ ಎಂತಹ ನೋವಿನ ಮೈಗೂ ನಿದ್ರೆ ಬರುತ್ತದೆ.

ಈ ನೋವು ಯಾವುದು? ಹೆತ್ತ ಕೂಡಲೆ ಗರ್ಭಕೋಶ ಹೊಕ್ಕುಳಿನ ಮಟ್ಟದವರೆಗೆ ಇರುತ್ತದೆ. ತೂಕ ಹೆಚ್ಚುಕಡಮೆ ಒಂದು ಕಿಲೋಗ್ರಾಂ. ಅದು ಬಿಗಿದು ಬಿಗಿದು ಕುಗ್ಗುತ್ತ ಹತ್ತು ಹದಿನಾಲ್ಕು ದಿನಗಳೊಳಗೆ ಕಿಬ್ಬೊಟ್ಟೆಯ ಮೂಳೆಯ ಹಿಂದೆ ಮರೆಯಾಗುತ್ತದೆ. ಆರು ವಾರಗಳಲ್ಲಿ ನೂರು ಗ್ರಾಮಿಗೂ ಕಡಮೆಯಾಗುತ್ತದೆ. ಹನ್ನೊಂದನೆಯ ದಿನದ ಪುಣ್ಯಾಹವನ್ನೂ ನಲವತ್ತು ದಿನಗಳ ಬಾಣಂತನವನ್ನೂ ಯಾರು ಯಾವ ಲೆಕ್ಕದಿಂದ ಗೊತ್ತುಮಾಡಿದರೋ, ದೇಹದ ಪಂಚಾಂಗವೂ ಹೆಚ್ಚುಕಡಮೆ ಹಾಗೆಯೇ ನಡೆಯುತ್ತದೆ. ಈ ಬಿಗಿತವೇ ಮೊದಲ ಎರಡು ಮೂರು ದಿನಗಳ ಹೊಟ್ಟೆನೋವು. ಮಗು ಎದೆಗೆ ಬಾಯಿ ಹಾಕಿದಾಗ ಅದು ಹೆಚ್ಚುತ್ತದೆ. ಏಕೆಂದರೆ ಹಾಲಿಳಿಸುವ ರಸವೇ ಗರ್ಭಕೋಶವನ್ನೂ ಹಿಂಡುತ್ತದೆ. ಚೊಚ್ಚಲ ಹೆರಿಗೆಗಿಂತ ಎರಡನೆಯ, ಮೂರನೆಯ ಹೆರಿಗೆಗಳಲ್ಲಿ ಇದು ಹೆಚ್ಚು. “ಮೊದಲನೇದಕ್ಕೆ ಇಷ್ಟಿರಲಿಲ್ಲ” ಎಂದು ಗಾಬರಿಯಾಗುವ ಬಾಣಂತಿಗೆ ಇದು ತಿಳಿದಿದ್ದರೆ ಅರ್ಧ ಭಯ ಕಳೆದಂತೆ. ರಕ್ತನಾಳಗಳ ಬಾಯಿ ಮುಚ್ಚುವುದು ಈ ಬಿಗಿತದಿಂದಲೇ. ಆದುದರಿಂದ ಈ ನೋವು ಶತ್ರುವಲ್ಲ, ಕಾವಲುಗಾರ.

ಇದಕ್ಕೆ ಬಿಸಿ ಹಿತ. ಲಕ್ಕಿಯ ಸೊಪ್ಪಿನಲ್ಲಿ ನೋವನ್ನೂ ಬಾವನ್ನೂ ತಗ್ಗಿಸುವ ಗುಣ ಇದೆಯೆಂದು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಆದರೆ ಇಲಿಯ ಪಾದದ ಬಾವು ಬೇರೆ, ಹೆತ್ತ ತಾಯಿಯ ಸೊಂಟ ಬೇರೆ. ಹಂಡೆಯಲ್ಲಿ ಕುದಿದ ಒಂದು ಹಿಡಿ ಸೊಪ್ಪಿನಿಂದ ಎಷ್ಟು ಗುಣ, ಹಂಡೆಯ ಬಿಸಿಯಿಂದ ಎಷ್ಟು ಗುಣ ಎಂದು ತೂಗಿ ನೋಡಿದರೆ ಹೆಚ್ಚಿನ ಪಾಲು ಬಿಸಿಗೂ, ಎಣ್ಣೆ ತಿಕ್ಕುವ ಕೈಗೂ ಸಲ್ಲಬೇಕೆಂದು ತೋರುತ್ತದೆ. ಇದರಿಂದ ಸೊಪ್ಪಿಗೆ ಅವಮಾನವೇನೂ ಇಲ್ಲ. ನೀರು ಚೆನ್ನಾಗಿ ಕುದಿಯಬೇಕೆಂಬ ಕಟ್ಟಳೆಯನ್ನು ಮನೆಯಲ್ಲಿ ಉಳಿಸಿಕೊಂಡು ಬಂದದ್ದು ಸೊಪ್ಪೇ. ಬಣ್ಣ ಬಿಡುವವರೆಗೆ ಕುದಿಸಿದ ನೀರು ಕುದಿಸಿದ ನೀರೇ ತಾನೆ! ಕೆರೆಯ ನೀರನ್ನೇ ನಂಬಿದ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಎರಡನೆಯದು ಗಾಯ. ಸಂಕೋಚದಿಂದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತಿದು. ಮಗುವಿನ ತಲೆ ಹೊರಬರುವಾಗ ಪ್ರಸವದ್ವಾರದ ಅಂಚು ಹರಿಯುವುದು ಸಾಮಾನ್ಯ. ಚೊಚ್ಚಲು ಹೆರಿಗೆಯಲ್ಲಿ ಬಹು ಸಾಮಾನ್ಯ. ಚರ್ಮ ಮಾತ್ರ ಹರಿದಿದ್ದರೆ ತಾನಾಗಿ ಕೂಡುತ್ತದೆ. ಒಳಗಿನ ಸ್ನಾಯು ಹರಿದಿದ್ದರೆ ಹೊಲಿಗೆ ಬೇಕು. ಗುದದ್ವಾರದವರೆಗೆ ಹರಿದಿದ್ದರೆ ನುರಿತ ವೈದ್ಯರೇ ಬೇಕು. ಹೊಲಿಯದೆ ಬಿಟ್ಟ ಅಂತಹ ಗಾಯದಿಂದ ಮಲಮೂತ್ರದ ಹಿಡಿತ ತಪ್ಪಿ, ಯಾರಿಗೂ ಹೇಳಲಾರದೆ ಬದುಕು ಸವೆಸಿದ ಹೆಂಗಸರು ಹಿಂದಿನ ಕಾಲದಲ್ಲಿ ಇದ್ದರು. ಹಳೆಯದನ್ನೆಲ್ಲ ಹೊಗಳುವ ಉತ್ಸಾಹದಲ್ಲಿ ಅವರನ್ನು ಮರೆಯಬಾರದು.

ಇಂತಹ ಗಾಯಗಳನ್ನು ತೊಳೆಯುವುದಕ್ಕೆ ಆಯುರ್ವೇದ ಹೇಳುವ ಪ್ರಸಿದ್ಧ ಕಷಾಯ ಪಂಚವಲ್ಕಲ. ಆಲ, ಅತ್ತಿ, ಅರಳಿ, ಬಸರಿ, ಹೂವರಸಿ, ಈ ಐದು ಮರಗಳ ತೊಗಟೆ. (ಬಸರಿ ಮರಕ್ಕೂ ಬಸುರಿಗೂ ನಂಟು ಕಲ್ಪಿಸಬೇಕೆಂದು ಭಾಷೆಯ ವಿದ್ಯಾರ್ಥಿಗೆ ಆಸೆಯಾಗುವುದು ಸಹಜ, ಕಿವಿಗೆ ಕೇಳುವ ಹೋಲಿಕೆಯನ್ನೆಲ್ಲ ನಿಘಂಟು ಒಪ್ಪಬೇಕೆಂದಿಲ್ಲ.) ಬಯಲುಸೀಮೆಯ ಜಾಲಿಯ ಚಕ್ಕೆಯೂ ಇದೇ ಗುಣದ್ದು. ಇವುಗಳಲ್ಲಿರುವ ಒಗರು ಚರ್ಮವನ್ನು ಬಿಗಿಮಾಡುತ್ತದೆ, ಒಸರುವ ನೀರನ್ನು ಆರಿಸುತ್ತದೆ. ಚರ್ಮ ಹದಮಾಡುವವರು ಜಾಲಿಯ ಚಕ್ಕೆಯನ್ನು ಬಳಸುತ್ತಿದ್ದುದೂ ಆ ಒಗರಿಗಾಗಿಯೇ. ಕೊರಟಗೆರೆಯ ಸಿದ್ದರಬೆಟ್ಟ ಮೂಲಿಕೆಗಳಿಗೆ ಹೆಸರಾದದ್ದು; ಆದರೆ ಗಾಯ ತೊಳೆಯುವ ಈ ಸಾಮಗ್ರಿಗೆ ಬೆಟ್ಟ ಹತ್ತಬೇಕಾಗಿರಲಿಲ್ಲ, ಊರ ಮುಂದಿನ ಮರಗಳೇ ಸಾಕಾಗಿದ್ದವು.

ಅರಿಸಿನದ ಮಾತು ಬೇರೆ ಹೇಳಬೇಕಾಗಿಲ್ಲ. ಅರಿಸಿನ, ಲೋಳೆಸರ, ಪರದೇಶದ ಲ್ಯಾವೆಂಡರ್ ಹೂವಿನ ಎಣ್ಣೆ, ಇವುಗಳನ್ನು ಹೆರಿಗೆಯ ಹೊಲಿಗೆಗಳ ಮೇಲೆ ಪ್ರಯೋಗಿಸಿ ನೋಡಿದವರಲ್ಲಿ ಇರಾನ್ ದೇಶದ ಸೂಲಗಿತ್ತಿ ವಿದ್ಯಾಲಯಗಳವರು ಮುಂದಾಗಿದ್ದಾರೆ. ಗಾಯ ಬೇಗ ಮಾಯಿತು, ನೋವು ಕಡಮೆಯಾಯಿತು ಎಂದು ಅವರ ಹಲವು ಪರೀಕ್ಷೆಗಳು ಹೇಳುತ್ತವೆ. ಒಂದೊಂದು ಪರೀಕ್ಷೆಯಲ್ಲಿಯೂ ಇದ್ದ ತಾಯಂದಿರ ಸಂಖ್ಯೆ ಸಣ್ಣದು. ಆದುದರಿಂದ ಅದನ್ನು ಭರವಸೆಯೆನ್ನಬಹುದೇ ಹೊರತು ತೀರ್ಪು ಎನ್ನಲಾಗದು. ಮುಖ್ಯವಾಗಿ, ಅವರು ಹಚ್ಚಿದ್ದು ಶುದ್ಧವಾಗಿ ತಯಾರಿಸಿದ, ಅಳತೆ ಗೊತ್ತಿದ್ದ ಮುಲಾಮನ್ನು. ಅಡಿಗೆಮನೆಯ ಡಬ್ಬಿಯ ಪುಡಿಯನ್ನಲ್ಲ. ಬಣ್ಣ ಹೆಚ್ಚಲೆಂದು ಸೀಸದ ಬಣ್ಣ ಬೆರೆಸಿದ ಅರಿಸಿನ ನೆರೆಯ ಬಾಂಗ್ಲಾದೇಶದಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಓದಿದವರು ಹಸಿಗಾಯಕ್ಕೆ ಅಂಗಡಿಯ ಪುಡಿಯನ್ನು ಹಾಕಲು ಹಿಂಜರಿಯಬೇಕು.

ಬಿಸಿಯ ವಿಷಯದಲ್ಲಿ ಹಳೆಯ ಪದ್ಧತಿಗೂ ಹೊಸ ವಿಜ್ಞಾನಕ್ಕೂ ಒಂದು ವಿನೋದದ ಜಗಳವಿದೆ. ನಮ್ಮ ಅಜ್ಜಿಯರಿಗೆ ತಂಡಿ ಎಂದರೆ ಮೃತ್ಯು. ತಣ್ಣೀರು ಮುಟ್ಟಿದ ಬಾಣಂತಿಗೆ ಉಳಿಗಾಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಹೊರಡಿಸಿದ ಬಾಣಂತನದ ಸೂಚನೆಗಳಲ್ಲಿ ಹರಿದ ಗಾಯದ ಹೊಸ ನೋವಿಗೆ ಹೇಳಿರುವುದು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಂತಹ ತಣ್ಣನೆಯ ಒತ್ತು, ನುಂಗುವುದಕ್ಕೆ ಪ್ಯಾರಸಿಟಮಾಲ್. ಅತ್ತೆಯ ಮುಂದೆ ಮಂಜುಗಡ್ಡೆಯ ಹೆಸರೆತ್ತುವ ಧೈರ್ಯ ಯಾವ ಸೊಸೆಗುಂಟು! ಆದರೆ ವಿಷಯ ಅಷ್ಟು ವಿರುದ್ಧವಲ್ಲ. ಹೊಸ ಗಾಯದ ಬಾವಿಗೆ ಮೊದಲ ಒಂದೆರಡು ದಿನ ತಂಪು. ಸೊಂಟ, ಬೆನ್ನು, ಕಿಬ್ಬೊಟ್ಟೆಗಳ ನೋವಿಗೆ ಬಿಸಿ. ಜಾಗ ಬೇರೆಯಾದ್ದರಿಂದ ಇಬ್ಬರೂ ಗೆದ್ದರೆನ್ನಬಹುದು.

ಪಥ್ಯದಲ್ಲಿ ಮೆಣಸು, ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯ, ಒಣಶುಂಠಿ, ಬೆಲ್ಲ, ಕೊಬ್ಬರಿಗಳಿಂದ ತೊಂದರೆಯಿಲ್ಲ. ಸಬ್ಬಸಿಗೆ ಸೊಪ್ಪಿನ ಸಾರಿಗೆ ಹೊಟ್ಟೆ ಹಗುರಾಗುವುದು ಎಲ್ಲರೂ ಬಲ್ಲದ್ದೇ. ತಪ್ಪು ನಡೆಯುವುದು ನೀರಿನಲ್ಲಿ. “ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ” ಎಂದು ಬಾಣಂತಿಗೆ ಲೋಟದಲ್ಲಿ ಅಳೆದು ನೀರು ಕೊಡುವ ಮನೆಗಳು ಇನ್ನೂ ಇವೆ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ನೀರೂ ಸೊಪ್ಪು ತರಕಾರಿಯೂ ಇಲ್ಲದೆ ಮಲಬದ್ಧತೆಯಾದರೆ ಮುಕ್ಕುವಾಗ ಹೊಲಿಗೆಯ ಗತಿಯೇನು? ಪಂಚವಲ್ಕಲದಿಂದ ತೊಳೆದು ತೊಳೆದು ಕೂಡಿಸಿದ ಗಾಯವನ್ನು ಒಂದು ಚೊಂಬು ನೀರಿನ ಜಿಪುಣತನ ಹರಿಯಬಲ್ಲದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವುದೂ ಹಾಗೆಯೇ; ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷವಾಯುವಿರುತ್ತದೆ.

ಇಷ್ಟೆಲ್ಲ ಸೊಪ್ಪು, ತೊಗಟೆ, ಎಣ್ಣೆಗಳ ಆಚೆಗೆ ಇರುವುದು ಕೈ. ಅದರ ಕಥೆಯನ್ನು ಹೇಳಲು ಪಾವಗಡದಿಂದ ಬಹುದೂರ, ಆಸ್ಟ್ರಿಯದ ವಿಯೆನ್ನಾ ನಗರಕ್ಕೆ ಹೋಗಬೇಕು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ೧೮೪೬ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಬಾಣಂತಿಯರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತ ಕಡಮೆ. ತಮ್ಮನ್ನು ಸೂಲಗಿತ್ತಿಯರ ಕಡೆಗೆ ಸೇರಿಸಿಕೊಳ್ಳಿರೆಂದು ಹೆಂಗಸರು ಅಂಗಲಾಚುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಕಾರಣವನ್ನು ಕಂಡುಹಿಡಿದ. ವೈದ್ಯರು ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಯಿಂದಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ೧೮೪೭ರಲ್ಲಿ ಆತ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದ. ಮರುವರ್ಷವೇ ಎರಡೂ ವಿಭಾಗಗಳ ಸಾವು ನೂರಕ್ಕೆ ಒಂದು ಚಿಲ್ಲರೆಗೆ ಇಳಿಯಿತು. ಔಷಧ ಬದಲಾಗಿರಲಿಲ್ಲ, ಕೈ ಬದಲಾಗಿತ್ತು.

ನಮ್ಮ ಹಳ್ಳಿಗಳಲ್ಲಿ ಎಲ್ಲ ಸೂಲಗಿತ್ತಿಯರ ಕೈಯೂ ಶುದ್ಧವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು, ಅದಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತಿದ ಕಾರಣ ಧನುರ್ವಾಯು ತಗಲಿ ಏಳೆಂಟು ದಿನಗಳಲ್ಲಿಯೇ ಕಣ್ಣುಮುಚ್ಚಿದ ಶಿಶುಗಳು ಅಸಂಖ್ಯ. ಶುದ್ಧ ಕೈ, ಶುದ್ಧ ಹಾಸಿಗೆ, ಶುದ್ಧ ಬ್ಲೇಡು, ಶುದ್ಧ ದಾರ, ಏನನ್ನೂ ಮೆತ್ತದ ಶುದ್ಧ ಹೊಕ್ಕುಳು ಎಂಬ ಐದು ಶುಚಿಗಳನ್ನು ಊರೂರಿನ ದಾಯಿಗಳಿಗೆ ಕಲಿಸಿದ್ದು, ಬಸುರಿಯರಿಗೆ ಚುಚ್ಚುಮದ್ದು ಹಾಕಿದ್ದು ಫಲಿಸಿ, ೨೦೧೫ರಲ್ಲಿ ಭಾರತ ತಾಯಿ ಶಿಶುಗಳ ಧನುರ್ವಾಯುವಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಸಗಣಿಯೂ ‘ನೈಸರ್ಗಿಕ’ವೇ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಸೊಪ್ಪು ಸೋಲುವ ಜಾಗ. ಕಸ ಬಿದ್ದ ಮೇಲೆ ಗರ್ಭಕೋಶ ಬಿಗಿಯದೆ ಸಡಿಲವಾಗಿಯೇ ಉಳಿದರೆ ರಕ್ತ ಹರಿಯತೊಡಗುತ್ತದೆ. ಗಂಟೆಗಳ ಮಾತಲ್ಲ, ನಿಮಿಷಗಳ ಮಾತು. ಅದನ್ನು ನಿಲ್ಲಿಸುವ ಕಷಾಯ ಯಾವ ಬೆಟ್ಟದಲ್ಲಿಯೂ ಬೆಳೆಯುವುದಿಲ್ಲ. ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿದವರಲ್ಲಿ ನಮ್ಮ ಬೆಳಗಾವಿಯ ಹಳ್ಳಿಗಳ ಹೆಂಗಸರೂ ಸೇರಿದ್ದಾರೆಂಬುದು ಹೆಮ್ಮೆಯ ಸಂಗತಿ. ಅಲ್ಲಿ ೧,೬೨೦ ಬಾಣಂತಿಯರಲ್ಲಿ ಅರ್ಧದಷ್ಟು ಜನಕ್ಕೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ, ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ಹಳ್ಳಿಯ ದಾದಿಯರು ಕೊಟ್ಟರು. ೨೦೦೬ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅತಿರಕ್ತಸ್ರಾವ ನೂರಕ್ಕೆ ಹನ್ನೆರಡರಿಂದ ಆರು ಚಿಲ್ಲರೆಗೆ ಇಳಿದಿತ್ತು. ವೈದ್ಯರು ಮುಟ್ಟಲಾಗದ ಊರಿನಲ್ಲಿ, ದಾದಿಯ ಕೈಯಲ್ಲಿ, ಅಗ್ಗದ ಗುಳಿಗೆಯೊಂದು ಮಾಡಿದ ಕೆಲಸವಿದು. ೨೦೦೧–೦೩ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ವೇಳೆಗೆ ಅದು ೬೯ಕ್ಕೆ ಇಳಿದಿತ್ತು.

ಜ್ವರವೂ ಹಾಗೆಯೇ. ಹೆರಿಗೆಯಾದ ಮೇಲೆ ಚಳಿಜ್ವರ ಬಂದರೆ, ಸ್ರಾವ ದುರ್ವಾಸನೆ ಹೊಡೆದರೆ, ಹೊಲಿಗೆ ಕೆಂಪೇರಿ ಕೀವು ಒಸರಿದರೆ, ಗಂಟೆಯೊಳಗೆ ದಪ್ಪ ಬಟ್ಟೆಯೊಂದು ತೊಯ್ದುಹೋದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ ಅದು ‘ತಂಡಿ’ಯಲ್ಲ. ಇನ್ನೊಂದು ಹಂಡೆ ಲಕ್ಕಿ ಸೊಪ್ಪಿನ ನೀರಿಗೆ ಕಾಯುವ ಹೊತ್ತೂ ಅಲ್ಲ.

ನರಸಮ್ಮನವರಂತಹವರ ವಿದ್ಯೆಯ ತಿರುಳು ಇಲ್ಲಿದೆಯೆಂದು ತೋರುತ್ತದೆ. ಯಂತ್ರವಿಲ್ಲದೆ, ಬರಿಯ ಕೈಯಿಂದ ಮಗುವಿನ ತಲೆ ಎಲ್ಲಿದೆ, ಅದರ ನಾಡಿ ಹೇಗೆ ಬಡಿಯುತ್ತಿದೆ, ಒಳಗಿನ ನೀರಿನ ಸ್ಥಿತಿ ಹೇಗಿದೆ ಎಂಬುದನ್ನು ಅವರು ಹೇಳುತ್ತಿದ್ದರು. ಕೈಯಿಂದ ತಿಳಿಯುವುದು ಎಂದರೆ ಕೈಲಾಗದ್ದು ಯಾವುದೆಂದೂ ತಿಳಿಯುವುದು. ಹೆರಿಗೆ ಮುಗಿದ ಮೇಲೆಯೂ ಸೂಲಗಿತ್ತಿ ಹೋಗಿಬಿಡುತ್ತಿರಲಿಲ್ಲ. ದಿನವೂ ಬಂದು ನೀರೆರೆಯುವ ನೆಪದಲ್ಲಿ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಬಟ್ಟೆ ನೋಡುತ್ತಿದ್ದಳು, ಎದೆ ಕಟ್ಟಿದೆಯೇ ಎಂದು ಕೇಳುತ್ತಿದ್ದಳು, ಅತ್ತೆಗೆ ಹೇಳಲಾಗದ್ದನ್ನು ಕೇಳಿಸಿಕೊಳ್ಳುತ್ತಿದ್ದಳು.

ಇಂದು ಕರ್ನಾಟಕದಲ್ಲಿ ನೂರಕ್ಕೆ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆಂದು ೨೦೧೯–೨೦ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಮೂರರಲ್ಲಿ ಸುಮಾರು ಒಂದು ಶಸ್ತ್ರಕ್ರಿಯೆಯಿಂದ. ಅದು ಒಳ್ಳೆಯದೇ ಆಯಿತು. ಆದರೆ ಎರಡನೆಯ, ಮೂರನೆಯ ದಿನವೇ ಮನೆಗೆ ಬರುವ ಬಾಣಂತಿಯನ್ನು ಆಮೇಲೆ ನೋಡಿಕೊಳ್ಳುವವರಾರು? ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಾದರೂ ಬಾಗಿಲಿಗೆ ಬರುತ್ತಾರೆ. ಬೆಂಗಳೂರಿನ ಮಹಡಿಮನೆಯಲ್ಲಿ ಸೀಸೆಯಲ್ಲಿ ಬಂದ ದಶಮೂಲಾರಿಷ್ಟವಿದೆ, ಡಬ್ಬಿಯಲ್ಲಿ ಬಂದ ಬಾಣಂತಿ ಲೇಹ್ಯವಿದೆ, ಹೊಟ್ಟೆಗೆ ಕಟ್ಟುವ ಪಟ್ಟಿ ಅಂಚೆಯಲ್ಲಿ ಬಂದಿದೆ. ಅರಿಷ್ಟದಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವಿರುತ್ತದೆ, ಹಾಲೂಡಿಸುವವಳು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಶಸ್ತ್ರಕ್ರಿಯೆಯ ಹೊಲಿಗೆಯ ಮೇಲೆ ಎಣ್ಣೆ ತಿಕ್ಕಬಾರದು, ಸೊಪ್ಪಿನ ಲೇಪ ಹಾಕಬಾರದು, ಅದು ಒಣಗಿರಬೇಕು. ಇವನ್ನು ಡಬ್ಬಿಯ ಮೇಲೆ ಓದಿ ತಿಳಿಯಲಾಗದು. ಮೂಲಿಕೆ ಅಂಗಡಿಗೆ ಬಂದಿದೆ, ದಿನವೂ ಬಂದು ಹೊಟ್ಟೆ ಮುಟ್ಟಿ ನೋಡುವವಳು ಬಂದಿಲ್ಲ.

ನರಸಮ್ಮನವರು ೨೦೧೮ರ ಡಿಸೆಂಬರ್ ೨೫ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ತುಮಕೂರಿನ ಬಳಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯನ್ನು ಕುರಿತ ತನ್ನ ಮಾರ್ಗಸೂಚಿಯನ್ನು ಹೊರತಂದಿತು. ಅದರಂತೆ, ದಾದಿಯಾಗಿ ಕಲಿತ ಹೆಣ್ಣುಮಕ್ಕಳು ಮತ್ತೆ ಹದಿನೆಂಟು ತಿಂಗಳು ಹೆರಿಗೆ ಬಾಣಂತನಗಳನ್ನೇ ಕಲಿತು, ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಗಳನ್ನು ತಾವೇ ಮಾಡಿಸಬೇಕು. ಅವರ ಮೊದಲ ಪಾಠಗಳಲ್ಲಿ ಒಂದು, ಕೈ ತೊಳೆದುಕೊಂಡು, ಬಸುರಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಮಗುವಿನ ತಲೆ ಎಲ್ಲಿದೆಯೆಂದು ಹುಡುಕುವುದು.